ಚೆರೋಕೀ ಪ್ರತಿರೋಧದ ಚರಿತ್ರೆಯನ್ನು ಓದುವ ಬಗೆ

ಅಮೆರಿಕದ ಆಗ್ನೇಯ ಭಾಗದ ಮೂಲನಿವಾಸಿಗಳಾದ ಚೆರೋಕೀ ಜನರ ಈ ಚರಿತ್ರೆಯನ್ನು, ಅವರನ್ನು ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿದ 1838ರ ‘ಕಣ್ಣೀರಿನ ಹಾದಿ’ಯಿಂದ ಆರಂಭಿಸಬೇಡಿ; ಹಾಗೆ ಮಾಡಿದರೆ ಅವರು ಬರಿಯ ಸಂತ್ರಸ್ತರಾಗಿಯೇ ಕಾಣುತ್ತಾರೆ. ಮೊದಲು 1827ರಲ್ಲಿ ಅವರು ರಚಿಸಿಕೊಂಡ ಸಂವಿಧಾನವನ್ನೂ, ಚೆರೋಕೀಯವರೇ ಆದ ಸೆಕ್ವೋಯಾ ತಮ್ಮ ಭಾಷೆಗೆ ರೂಪಿಸಿದ ಲಿಪಿಯನ್ನು ಬಳಸಿ 1828ರಿಂದ ಅವರ ರಾಜಧಾನಿ ನ್ಯೂ ಎಕೋಟಾದಲ್ಲಿ ಅಚ್ಚಾಗತೊಡಗಿದ ‘ಚೆರೋಕೀ ಫೀನಿಕ್ಸ್’ ಪತ್ರಿಕೆಯನ್ನೂ ಗಮನಿಸಿ.

ಆ ಬಳಿಕ ನ್ಯಾಯಾಲಯದ ಹೋರಾಟವನ್ನು ಓದಿ. 1832ರ ವೂಸ್ಟರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಚೆರೋಕೀ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದೆಂದು ತೀರ್ಪಿತ್ತರೂ, ಒಕ್ಕಲೆಬ್ಬಿಸುವ ಒತ್ತಡ ನಿಲ್ಲಲಿಲ್ಲ. ಗೆದ್ದ ಮೊಕದ್ದಮೆಯೂ ನೆಲವನ್ನು ಉಳಿಸಿಕೊಡಲಿಲ್ಲವೆಂಬ ಈ ವಿಪರ್ಯಾಸದ ಬಳಿ ತುಸು ನಿಲ್ಲುವುದು ಒಳಿತು.

ನೆಲವನ್ನು ಬಿಟ್ಟುಕೊಟ್ಟು ಪಶ್ಚಿಮಕ್ಕೆ ಹೋಗಲು ಒಪ್ಪಿದ 1835ರ ನ್ಯೂ ಎಕೋಟಾ ಒಪ್ಪಂದವನ್ನು ಓದುವಾಗ ಸಹಿ ಹಾಕಿದವರು ಯಾರೆಂದು ತಪ್ಪದೆ ಪರಿಶೀಲಿಸಿ. ಮುಖ್ಯಸ್ಥ ಜಾನ್ ರಾಸ್ ಅವರ ಒಪ್ಪಿಗೆಯಿಲ್ಲದೆ ಸಣ್ಣ ಗುಂಪೊಂದು ಅದಕ್ಕೆ ಸಹಿ ಮಾಡಿತು. ಅದನ್ನು ವಿರೋಧಿಸಿ ಸಾವಿರಾರು ಜನರು ಮನವಿ ಸಲ್ಲಿಸಿದರೂ 1836ರಲ್ಲಿ ಅಮೆರಿಕದ ಸೆನೆಟ್ ಅದನ್ನು ಅನುಮೋದಿಸಿತು. ಸಹಿ ಹಾಕಿದವರನ್ನು ದ್ರೋಹಿಗಳೆಂದು ಆತುರದಿಂದ ಕರೆಯಬೇಡಿ: ಅವರಲ್ಲೊಬ್ಬರಾದ ಇಲಿಯಾಸ್ ಬೂಡಿನೊ ‘ಚೆರೋಕೀ ಫೀನಿಕ್ಸ್’ ಪತ್ರಿಕೆಯ ಮೊದಲ ಸಂಪಾದಕರಾಗಿದ್ದರು.

ಕೊನೆಗೆ ಉತ್ತರ ಕೆರೊಲೈನಾದ ಬೆಟ್ಟಗಳಲ್ಲಿ ಉಳಿದುಕೊಂಡವರನ್ನು ಮರೆಯಬೇಡಿ. ಅವರ ವಂಶಜರು ಇಂದಿಗೂ ಅಲ್ಲಿದ್ದಾರೆ.