ಶನಿವಾರ, ಭಾನುವಾರಗಳ ಎಂಟೆಕ್

ಎಂಟೆಕ್‌ಗೆ ಸೇರಿದಾಗ ನನಗೆ ಮೂವತ್ನಾಲ್ಕು ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ ದ್ವಿಚಕ್ರ ವಾಹನಗಳಿಗೆ ವೈರಿಂಗ್ ಹಾರ್ನೆಸ್ (ವೈರುಗಳ ಕಟ್ಟು) ಮತ್ತು ಸಣ್ಣ ಕಂಟ್ರೋಲರ್ ಪೆಟ್ಟಿಗೆಗಳನ್ನು ತಯಾರಿಸುತ್ತೇವೆ. ಅಲ್ಲಿನ ಪರೀಕ್ಷಾ ವಿಭಾಗದಲ್ಲಿ ಹನ್ನೊಂದು ವರ್ಷ ಕಳೆದಿದ್ದೆ. ಯಾವ ವೈರು ಎಲ್ಲಿ ಸುಟ್ಟಿದೆ ಎಂದು ವಾಸನೆಯಲ್ಲೇ ಹೇಳಬಲ್ಲೆ ಎಂಬ ಜಂಬವೂ ಇತ್ತು. ಆದರೆ ವಿನ್ಯಾಸದ ಸಭೆಗೆ ನನ್ನನ್ನು ಕರೆಯುತ್ತಿದ್ದುದು ಎಲ್ಲವೂ ತೀರ್ಮಾನವಾದ ಮೇಲೆ, 'ಇದನ್ನೊಂದು ಟೆಸ್ಟ್ ಮಾಡಿಕೊಡಿ' ಎನ್ನುವುದಕ್ಕೆ ಮಾತ್ರ. ಬಿಡಿಭಾಗಗಳೆಲ್ಲ ಸೇರಿ ಕೆಲಸ ಮಾಡುವಂತೆ ಇಡೀ ವ್ಯವಸ್ಥೆಯನ್ನು ಮೊದಲಿನಿಂದ ಯೋಜಿಸುವ ಸಿಸ್ಟಮ್ಸ್ ಇಂಜಿನಿಯರಿಂಗ್ ಆರಿಸಿಕೊಂಡದ್ದು ಆ ಸಿಟ್ಟಿಗೆ. ಊರಿನಿಂದ ಅಮ್ಮ ಫೋನಿನಲ್ಲಿ, "ಮಗಳು ಶಾಲೆಗೆ ಸೇರುವ ಹೊತ್ತಿಗೆ ನೀನೂ ಸೇರುತ್ತಿದ್ದೀಯಲ್ಲಪ್ಪ" ಎಂದು ನಕ್ಕರು.

ಸೇರುವ ಮೊದಲು ಮಾನ್ಯತೆಯ ವಿಷಯದಲ್ಲಿ ಒಂದು ತಿಂಗಳು ತಲೆ ಕೆಡಿಸಿಕೊಂಡೆ. ದೂರಶಿಕ್ಷಣದಲ್ಲಿ ಪಡೆದ ಇಂಜಿನಿಯರಿಂಗ್ ಪದವಿಗಳ ಬಗ್ಗೆ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಮ್ಮ ಕಾರ್ಖಾನೆಯಲ್ಲಿ ಅನೇಕರಿಗೆ ಇನ್ನೂ ನೆನಪಿದೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳಿಂದ ಎಷ್ಟೋ ವರ್ಷಗಳ ಹಿಂದೆ ಪದವಿ ಪಡೆದು ಬಡ್ತಿಯನ್ನೂ ಪಡೆದವರ ಕಾಲ ಕೆಳಗಿನ ನೆಲವೇ ಕುಸಿದಿತ್ತು. ಹಾಗಾಗಿ ಜಾಹೀರಾತನ್ನು ನಂಬದೆ, ಅನುಮತಿ ಪತ್ರದ ಪ್ರತಿಯನ್ನು ತರಿಸಿಕೊಂಡು, ಅದರಲ್ಲಿ ಕೋರ್ಸಿನ ಹೆಸರು ಇದೆಯೇ ಎಂದು ನೋಡಿದ ಮೇಲೆಯೇ ಹಣ ಕಟ್ಟಿದೆ.

ಹಣದ್ದು ಇನ್ನೊಂದು ಕತೆ. ಶುಲ್ಕವನ್ನು ಕಂಪನಿಯೇ ಭರಿಸಲು ಸಿದ್ಧವಿತ್ತು, ಪದವಿ ಮುಗಿದ ಮೇಲೆ ಎರಡು ವರ್ಷ ಬಿಟ್ಟು ಹೋಗುವುದಿಲ್ಲ ಎಂಬ ಬಾಂಡ್ ಬರೆದುಕೊಟ್ಟರೆ. ನಾನು ಬರೆದುಕೊಡಲಿಲ್ಲ. ಬಿಟ್ಟು ಹೋಗುವ ಯೋಚನೆಯೇನೂ ಇರಲಿಲ್ಲ, ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ನನಗೆ ಓದು ಹತ್ತುವುದಿಲ್ಲ. ಹೆಂಡತಿಯ ಹೆಸರಿನಲ್ಲಿದ್ದ ಚೀಟಿ ಎತ್ತಿ ಮೊದಲ ಸೆಮಿಸ್ಟರಿನ ಶುಲ್ಕ ಕಟ್ಟಿದೆವು. ಈಗ ಲೆಕ್ಕ ಹಾಕಿದರೆ ಅದು ಜಾಣತನವೋ ಹಟವೋ ಹೇಳಲಾರೆ.

ಶನಿವಾರ, ಭಾನುವಾರ ಬೆಳಿಗ್ಗೆ ತಲಾ ನಾಲ್ಕು ಗಂಟೆ ಆನ್‌ಲೈನ್ ತರಗತಿ. ಮೊದಲ ಸೆಮಿಸ್ಟರಿನಲ್ಲಿ ಉತ್ಸಾಹದಿಂದ ನಾಲ್ಕು ವಿಷಯ ತೆಗೆದುಕೊಂಡೆ. ವಾರದ ದಿನ ರಾತ್ರಿ ಹತ್ತರ ಮೇಲೆ ಓದುವುದು ಎಂದು ಯೋಜನೆ. ಪಾಳಿ ಮುಗಿಸಿ, ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ ದಾಟಿ, ಮಗಳ ಹೋಮ್‌ವರ್ಕ್ ಮುಗಿಸಿ ಕೂತರೆ ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದೆ. ಒಂದು ವಿಷಯದಲ್ಲಿ ಅಂಚಿನಲ್ಲಿ ಪಾಸಾದೆ. ಎರಡನೆಯ ಸೆಮಿಸ್ಟರಿನಿಂದ ಕೆಲವು ವಿಷಯಗಳನ್ನು ಮುಂದಕ್ಕೆ ಹಾಕಿ, ಎರಡು ವರ್ಷದ್ದನ್ನು ಮೂರು ವರ್ಷಕ್ಕೆ ಎಳೆದೆ. ಓದನ್ನು ಬೆಳಗಿನ ಜಾವ ನಾಲ್ಕೂವರೆಗೆ ಬದಲಿಸಿದೆ. ಭಾನುವಾರ ಮಧ್ಯಾಹ್ನದ ಮೇಲೆ ಪುಸ್ತಕ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಮಾತು ಕೊಟ್ಟೆ, ಪರೀಕ್ಷೆಯ ವಾರಗಳನ್ನು ಬಿಟ್ಟರೆ ಉಳಿಸಿಕೊಂಡೆ. ತರಗತಿ ಸೇರಿ ವಾರಕ್ಕೆ ಹದಿನೈದು ಗಂಟೆ ಸಿಕ್ಕರೆ ನಡೆಯುತ್ತದೆ. ಹತ್ತಕ್ಕೆ ಇಳಿದ ವಾರ ಅಸೈನ್‌ಮೆಂಟು ತಪ್ಪುತ್ತಿತ್ತು.

ನನ್ನನ್ನು ನಿಜವಾಗಿ ಕಾಡಿದ್ದು ರಿಲಯಬಿಲಿಟಿ, ಅಂದರೆ ಒಂದು ವಸ್ತು ಕೆಡದೆ ಎಷ್ಟು ನಡೆಯುತ್ತದೆ ಎಂಬ ಲೆಕ್ಕ. ಸಂಭವನೀಯತೆಯ ಗಣಿತವನ್ನು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಹೈಸ್ಕೂಲಿನ ಪುಸ್ತಕದಿಂದ ಮತ್ತೆ ಶುರು ಮಾಡಿದೆ, ನಾಚಿಕೆ ಪಡಲಿಲ್ಲ. ಒಂದು ದಿನ ನಮ್ಮದೇ ಹಾರ್ನೆಸ್ಸಿನ ಜೋಡಣೆಗಳನ್ನು ಎಣಿಸಿದೆ, ನಲವತ್ತು. ಒಂದೊಂದೂ ನೂರಕ್ಕೆ ತೊಂಬತ್ತೊಂಬತ್ತು ಪಾಲು ಕೆಡದೆ ಉಳಿಯುತ್ತದೆ, ಒಂದು ಕೆಟ್ಟರೂ ಗಾಡಿ ನಿಲ್ಲುತ್ತದೆ ಎಂದುಕೊಂಡು 0.99ನ್ನು ನಲವತ್ತು ಸಲ ಗುಣಿಸಿದರೆ ಬಂದದ್ದು 0.67. ಕ್ಯಾಲ್ಕ್ಯುಲೇಟರ್ ಕೆಟ್ಟಿದೆಯೇನೋ ಎಂದು ಮೊಬೈಲಿನಲ್ಲಿ ಇನ್ನೊಮ್ಮೆ ಮಾಡಿದೆ. ಮೂರರಲ್ಲಿ ಒಂದು ಗಾಡಿ ನಿಲ್ಲುತ್ತದೆ! ತೊಂಬತ್ತೊಂಬತ್ತು ಪರ್ಸೆಂಟ್ ಎಂದು ವರದಿಗಳಲ್ಲಿ ಹೆಮ್ಮೆಯಿಂದ ಬರೆಯುತ್ತಿದ್ದವನು ನಾನೇ.

ಅಲ್ಲಿಂದ ಓದುವ ಕ್ರಮ ಬದಲಾಯಿತು. ಯಾವ ಅಸೈನ್‌ಮೆಂಟ್ ಬಂದರೂ ಉದಾಹರಣೆ ನಮ್ಮ ಕಾರ್ಖಾನೆಯದ್ದೇ. ಸಹಪಾಠಿಗಳು ವಿಮಾನ, ಮೆಟ್ರೋ ಎಂದು ದೊಡ್ಡ ದೊಡ್ಡದನ್ನು ಆರಿಸುತ್ತಿದ್ದರೆ ನಾನು ವೈರುಗಳನ್ನು ಜೋಡಿಸುವ ಕನೆಕ್ಟರ್ ಹಿಡಿದು ಕೂರುತ್ತಿದ್ದೆ. ಕನೆಕ್ಟರ್ ಸಣ್ಣದು ಎಂಬ ಸಂಕೋಚವನ್ನು ಹೋಗಲಾಡಿಸಿದ್ದು 2010ರ ಡಿಸೆಂಬರ್ 25ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋದ ರಾಕೆಟ್ ಜಿಎಸ್‌ಎಲ್‌ವಿ-ಎಫ್06ರ ಪಾಠ. ಅತಿ ಶೀತಲ ಇಂಧನದಿಂದ ಉರಿಯುವ ಕ್ರಯೋಜೆನಿಕ್ ಹಂತದ ಕೆಳಭಾಗದಲ್ಲಿದ್ದ ಹತ್ತು ಕನೆಕ್ಟರುಗಳು ಹಾರಾಟದ ನಡುವೆ ಕಳಚಿಕೊಂಡವು, ಮೇಲಿನ ಕಂಪ್ಯೂಟರಿನ ಆದೇಶ ಕೆಳಗಿನ ಎಂಜಿನ್‌ಗಳಿಗೆ ತಲುಪಲಿಲ್ಲ, ಒಂದು ನಿಮಿಷ ತುಂಬುವ ಮೊದಲೇ ರಾಕೆಟ್ ಹತೋಟಿ ತಪ್ಪಿತು. ಆ ತರಗತಿಯಲ್ಲಿ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕನೆಕ್ಟರಿನ ಚಿತ್ರವನ್ನೇ ನೋಡುತ್ತಿದ್ದೆ.

ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೂ ಅದೇ ವಿಷಯ. ನಮ್ಮ ಒಂದು ಕಂಟ್ರೋಲರ್ ಪೆಟ್ಟಿಗೆ ಮಾರುಕಟ್ಟೆಯಿಂದ ವಾಪಸು ಬರುತ್ತಿತ್ತು, ಪಿನ್ನುಗಳ ಮೇಲೆ ಹಸಿರು ಕಿಲುಬು. ದಾಖಲೆಯಲ್ಲಿ ದೂಳು, ನೀರು ತಡೆಯುವ ದರ್ಜೆ ಐಪಿ67 ಎಂದಿತ್ತು, ಅಂದರೆ ಒಂದು ಮೀಟರ್ ನೀರಿನಲ್ಲಿ ಮೂವತ್ತು ನಿಮಿಷ ಮುಳುಗಿಸಿದರೂ ಹಾನಿಯಾಗುವಷ್ಟು ನೀರು ಒಳಗೆ ಹೋಗಬಾರದು. ಆ ಪರೀಕ್ಷೆಯನ್ನು ನಾನೇ ಮಾಡಿದ್ದೆ, ಪಾಸಾಗಿತ್ತು. ವಾಪಸು ಬಂದ ಪೆಟ್ಟಿಗೆಗಳನ್ನು ಒರೆಸಿ ಮತ್ತೆ ಮುಳುಗಿಸಿದೆ, ಆಗಲೂ ಪಾಸು. ಹಾಗಾದರೆ ನೀರು ಬಂದದ್ದೆಲ್ಲಿಂದ?

ಎರಡು ಭಾನುವಾರ ಲಗ್ಗೆರೆ ಕಡೆಯ ಒಂದು ವಾಟರ್ ಸರ್ವಿಸ್ ಅಂಗಡಿಯಲ್ಲಿ ನಿಂತೆ. (ಮಧ್ಯಾಹ್ನದ ಮಾತು ಮುರಿಯಿತು. ಮಗಳನ್ನೂ ಕರೆದುಕೊಂಡು ಹೋದೆ, ಅವಳು ಪೂರ್ತಿ ನೆನೆದು ಬಂದಳು.) ಅಲ್ಲಿನ ಹುಡುಗ ಸೈಡ್ ಪ್ಯಾನೆಲ್ ಬಿಚ್ಚಿ, ಗನ್ನನ್ನು ಕನೆಕ್ಟರಿಗೆ ಅರ್ಧ ಗೇಣು ದೂರದಲ್ಲಿ ಹಿಡಿದು, ಕೆಳಗಿನಿಂದ ಮೇಲಕ್ಕೆ ನೀರು ಹೊಡೆಯುತ್ತಿದ್ದ. ಯಾಕೆ ಎಂದರೆ, "ಕೆಸರು ಕೂರುವುದೇ ಅಲ್ಲಿ ಸಾರ್" ಎಂದ. ನಿಂತ ನೀರಿಗೆ ತಡೆಯುವ ಸೀಲು ಚಿಮ್ಮುವ ನೀರಿಗೂ ತಡೆಯಬೇಕೆಂದೇನಿಲ್ಲ. ಬರೆದುಕೊಟ್ಟಂತೆ ಮಾಡಿದ್ದೀರಾ ಎಂಬುದು ವೆರಿಫಿಕೇಷನ್, ಬೇಕಾದದ್ದನ್ನೇ ಮಾಡಿದ್ದೀರಾ ಎಂಬುದು ವ್ಯಾಲಿಡೇಷನ್ ಎಂದು ಪರೀಕ್ಷೆಗೆ ಉರು ಹೊಡೆದಿದ್ದೆ. ಅದು ತಲೆಗೆ ಇಳಿದದ್ದು ಆ ಕೆಸರಿನಲ್ಲಿ ನಿಂತಾಗ.

ಐಪಿಎಕ್ಸ್9 ಎಂದು ಬದಲಿಸಿಬಿಡಿ ಎಂದರು ಕಚೇರಿಯಲ್ಲಿ. ಅದು 80 ಡಿಗ್ರಿ ಬಿಸಿನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ ಹೊಡೆಯುವ ಪರೀಕ್ಷೆ. ಲಗ್ಗೆರೆಯ ಅಂಗಡಿಯಲ್ಲಿ ನೀರು ತಣ್ಣಗಿತ್ತು, ಪಂಪಿನ ಮೀಟರಿನಲ್ಲಿ ಒತ್ತಡವೂ ಅಷ್ಟಿರಲಿಲ್ಲ. ಇನ್ನೊಂದು ದರ್ಜೆಯಾದ ಐಪಿಎಕ್ಸ್6ರಲ್ಲಿ ನೀರು ಹೊಡೆಯುವುದು ಎರಡೂವರೆ ಮೀಟರಿಗಿಂತ ಹತ್ತಿರದಿಂದಲ್ಲ. ಎರಡೂ ನಮ್ಮ ಹುಡುಗನಿಗೆ ಹೊಂದಲಿಲ್ಲ. ಹಾಗಾಗಿ ದೂರ, ಕೋನ, ಒತ್ತಡ, ಹೊತ್ತು ನಾಲ್ಕನ್ನೂ ಅಳೆದು, ಅವನು ತೊಳೆಯುವ ರೀತಿಯನ್ನೇ ಒಂದು ರಿಕ್ವೈರ್‌ಮೆಂಟ್ (ಪೆಟ್ಟಿಗೆ ಪೂರೈಸಲೇಬೇಕಾದ ಷರತ್ತು) ಆಗಿ ಬರೆದೆ. ಪರಿಹಾರ ಅಗ್ಗದ್ದೇ: ಕನೆಕ್ಟರನ್ನು ಪೆಟ್ಟಿಗೆಯ ಹಿಂಬದಿಗೆ ತಿರುಗಿಸಿ, ಒಂದು ಪ್ಲಾಸ್ಟಿಕ್ ಮರೆ ಕೊಟ್ಟೆವು, ವೈರಿನ ಮೇಲಿನ ನೀರು ಕೆಳಗೇ ತೊಟ್ಟಿಕ್ಕಲಿ ಎಂದು ಅದನ್ನು ಕೆಳಕ್ಕೆ ಬಳುಕಿಸಿ ಮೇಲಕ್ಕೆ ತಂದೆವು. ವಿನ್ಯಾಸದವರು ಆ ಸಭೆಗೆ ನನ್ನನ್ನು ಮೊದಲೇ ಕರೆದಿದ್ದರು.

ಪ್ರಬಂಧದ ಕರಡಿನಲ್ಲಿ ಸಂಬಂಧಪಟ್ಟವರ ಪಟ್ಟಿ ಎಂದು ಒಂದು ಕೋಷ್ಟಕವಿತ್ತು. ಗ್ರಾಹಕ, ಡೀಲರ್, ವಾಹನ ಕಂಪನಿ ಹೀಗೆ ಆರು ಸಾಲು, ಏಳನೆಯದು 'ವಾಟರ್ ಸರ್ವಿಸ್ ಹುಡುಗ'. ಕಂಪನಿಯ ಕಡೆಯಿಂದ ನನಗೆ ಮಾರ್ಗದರ್ಶಕರಾಗಿದ್ದವರು ಓದಿ, ಗಂಭೀರವಾಗಿಲ್ಲ, ತೆಗೆಯಿರಿ ಎಂದರು. 'ನಿರ್ವಹಣಾ ಸಿಬ್ಬಂದಿ' ಎಂದು ತಿದ್ದಿ ಬೈಂಡ್ ಮಾಡಿಸಿದೆ. ವೈವಾದಲ್ಲಿ ಪರೀಕ್ಷಕರು ಅದೇ ಸಾಲಿನ ಮೇಲೆ ಬೆರಳಿಟ್ಟು, "ಇವರು ಯಾರು, ಎಲ್ಲಿ ಕೆಲಸ ಮಾಡುತ್ತಾರೆ?" ಎಂದು ಕೇಳಿದರು. ಹೇಳಿದೆ. ಪೆನ್ನನ್ನು ನನ್ನತ್ತ ಚಾಚಿ, "ಹಾಗೆಂದೇ ಬರೆಯಿರಿ" ಎಂದರು. ನಮ್ಮ ಮನೆಯಲ್ಲಿರುವ ಪ್ರತಿಯ ಆ ಪುಟದಲ್ಲಿ ಅಚ್ಚಿನ ಎರಡು ಪದಗಳ ಮೇಲೆ ಒಂದು ಗೀಟು, ಪಕ್ಕದಲ್ಲಿ ನನ್ನ ಕೈಬರಹದ ಮೂರು ಪದಗಳು ಇವೆ.