ಅಡುಗೆ ಆ್ಯಪ್ ಮಾಡುವವರೇ, ಉಳಿದದ್ದರಿಂದ ಶುರು ಮಾಡಿ

ನಮ್ಮ ರಾಯಚೂರಿನ ಮನೆಗಳಿಗೆ ಅಡುಗೆ ಆ್ಯಪ್ ಮಾಡಬೇಕು ಅಂತ ಇರುವವರಿಗೆ ಒಂದು ಸಲಹೆ. ಮೊದಲ ಪರದೆಯಲ್ಲಿ 'ಏನು ಮಾಡೋಣ?' ಅಂತ ಕೇಳಬೇಡಿ, 'ಏನು ಉಳಿದಿದೆ?' ಅಂತ ಕೇಳಿ. ಅನ್ನ, ರೊಟ್ಟಿ, ಬೇಳೆ, ಪುಂಡಿಪಲ್ಯ ಅಂತ ದೊಡ್ಡ ಬಟನ್ ಇದ್ದರೆ ಸಾಕು. ಗ್ರಾಂ ಲೆಕ್ಕ ಬೇಡ, ಉಳಿದದ್ದನ್ನು ಯಾರೂ ತೂಗುವುದಿಲ್ಲ. ಪುಂಡಿ ಅಂತ ಹುಡುಕಿದರೂ ಗೋಂಗೂರ ಅಂತ ಹುಡುಕಿದರೂ ಒಂದೇ ಸೊಪ್ಪು ಸಿಗಲಿ. ಇಲ್ಲಿ ಎರಡೂ ಹೆಸರು ನಡೆಯುತ್ತವೆ ಅಲ್ವಾ?

ಅನ್ನದ ವಿಷಯದಲ್ಲಿ ಮಾತ್ರ ಹುಷಾರು. ಚಿತ್ರಾನ್ನ ತೋರಿಸುವ ಮೊದಲು 'ಫ್ರಿಜ್‌ನಲ್ಲಿತ್ತಾ, ಹೊರಗಿತ್ತಾ? ಎಷ್ಟು ಹೊತ್ತು?' ಅಂತ ಕೇಳಲೇಬೇಕು. ಮಾಡಿದ ಅನ್ನ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. ಸೆಕೆ 32 ಡಿಗ್ರಿ ದಾಟಿದರೆ ಬರೀ 1 ಗಂಟೆ. ನಮ್ಮ ಬೇಸಿಗೆ 40 ದಾಟುತ್ತದೆ! ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ 'ಇದು ಬೇಡ, ಚೆಲ್ಲಿಬಿಡಿ' ಅನ್ನುವ ಉತ್ತರವೂ ಆ್ಯಪ್‌ನಲ್ಲಿರಲಿ.

ಜೋಳದ ರೊಟ್ಟಿಗೆ ಇಷ್ಟು ತಾಪತ್ರಯ ಇಲ್ಲ. ಒಣಗಿಸಿ ಕಡಕ್ ಮಾಡಿ ಇಡಬಹುದು. ಇಲ್ಲವೇ ಮುರಿದು, ಈರುಳ್ಳಿ ಒಗ್ಗರಣೆಗೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ ಮುಚ್ಚಿಟ್ಟರೆ ಸಂಜೆಯ ತಿಂಡಿ ಆಯಿತು. ಇಂಥವನ್ನು ಮನೆಯ ಹಿರಿಯರನ್ನು ಕೇಳಿಯೇ ಸೇರಿಸಿ. ನೆಟ್ ಇಲ್ಲದಾಗಲೂ ಆ್ಯಪ್ ತೆರೆಯುವಂತಿರಲಿ.