ಡಿಸ್ಚಾರ್ಜ್ ದಿನದ ಕೊಲೆಸ್ಟ್ರಾಲ್ ರಿಪೋರ್ಟ್ ನಂಬ್ಬೇಡಿ

ನಮ್ಮಪ್ಪ ಡೆಂಗ್ಯೂ ಆಗಿ ಐದು ದಿನ ಅಡ್ಮಿಟ್ ಆಗಿದ್ರು, ಡಿಸ್ಚಾರ್ಜ್ ರಿಪೋರ್ಟಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 68 ಅಂತ ನೋಡಿದ್ದೇ ತಡ, ಮನೆಗೆ ಬಂದು ಕೊಲೆಸ್ಟ್ರಾಲ್ ಮಾತ್ರೆ ಡಬ್ಬಿ ಎತ್ತಿಟ್ಟು ಬೋಂಡಾ ಕೇಳಿದ್ರು! ಹಂಗೆ ಮಾಡ್ಬೇಡಿ. ಜೋರು ಜ್ವರ, ಸೋಂಕು, ಆಪರೇಷನ್, ಹಾರ್ಟ್ ಅಟ್ಯಾಕ್ ಆದಾಗ ಮೈಯೊಳಗಿನ ಉರಿಯೂತದಿಂದ ಎಲ್‌ಡಿಎಲ್, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಎರಡೂ ಇಳಿಯುತ್ತೆ, ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು ಮಾತ್ರ ಕೆಲವೊಮ್ಮೆ ಏರುತ್ತೆ, ಅದ್ರ ಮೇಲೆ ಗಂಜಿ, ಡ್ರಿಪ್ಪಲ್ಲೇ ದಿನ ತಳ್ಳಿರ್ತೀವಿ. ಹಾರ್ಟ್ ಅಟ್ಯಾಕ್ ಆದವ್ರದ್ದು ಮೊದಲ 24 ಗಂಟೆಯೊಳಗೆ ರಕ್ತ ತೆಗೆದಿದ್ರೆ ಆ ನಂಬರ್ ಹೆಚ್ಚುಕಮ್ಮಿ ಸರಿ ಇರುತ್ತೆ, ರಿಪೋರ್ಟಲ್ಲಿ ಸ್ಯಾಂಪಲ್ ಟೈಮ್ ನೋಡ್ಕೊಳ್ಳಿ. ಬೇರೆಯವ್ರು ಪೂರ್ತಿ ಹುಷಾರಾಗಿ 6-8 ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ, ಕಾಯಿಲೆಗೆ ಮುಂಚಿನ ರಿಪೋರ್ಟೂ ಡಾಕ್ಟ್ರಿಗೆ ತೋರಿಸಿ. ಅಲ್ಲೀವರೆಗೆ ಅವ್ರು ಹೇಳ್ದೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ) ನಿಲ್ಲಿಸ್ಬೇಡಿ.